ಆಂಟಾಲಜಿಗೆ ಹೊಸ ವರ್ಗ ಸೇರಿಸುವುದು ಹೇಗೆ?

ಡಾಕ್ಟರು ಬರೆದುಕೊಟ್ಟ ಚೀಟಿ ಹರಿದುಹೋಯಿತು, ಆದರೆ ಅದರ ಫೋಟೊ ಮೊಬೈಲಿನಲ್ಲಿದೆ. ಹಾಗಾದರೆ ಚೀಟಿ ಅಂದರೆ ಕಾಗದವೋ, ಅದರಲ್ಲಿ ಬರೆದದ್ದೋ? ಆಸ್ಪತ್ರೆಯ ಮಾಹಿತಿಯನ್ನು ಕಂಪ್ಯೂಟರಿಗೆ ತಿಳಿಯುವಂತೆ ಜೋಡಿಸುವವರು ಇದಕ್ಕೆ ಉತ್ತರ ಹೇಳಲೇಬೇಕು.

ಇರುವುದನ್ನೆಲ್ಲ ವರ್ಗಗಳಾಗಿ, ಅವುಗಳ ಸಂಬಂಧಗಳೊಡನೆ ಹೀಗೆ ಜೋಡಿಸಿದ ಪಟ್ಟಿಯೇ ಆಂಟಾಲಜಿ. ಇಂಥ ಕೆಲಸಕ್ಕೆ ಒಂದು ಬುನಾದಿ ಬೇಸಿಕ್ ಫಾರ್ಮಲ್ ಆಂಟಾಲಜಿ, ಅಂದರೆ ಬಿಎಫ್‌ಒ. 2021ರಲ್ಲಿ ಇದು ಐಎಸ್‌ಒ ಮಾನದಂಡವಾಯಿತು. ಬೇಕೆಂದೇ ಇದನ್ನು ಚಿಕ್ಕದಾಗಿ ಇಟ್ಟಿದ್ದಾರೆ. ಕಾಲ ಕಳೆದರೂ ಉಳಿದಿರುವವು 'ಕಂಟಿನ್ಯುಯೆಂಟ್', ಕಾಲದಲ್ಲಿ ನಡೆಯುವವು 'ಅಕರೆಂಟ್'. ಇವುಗಳ ಕೆಳಗೆ ಇನ್ನಷ್ಟು ವರ್ಗಗಳಿವೆ, ಅಷ್ಟೇ. ಔಷಧ, ಚೀಟಿ ಎಲ್ಲ ನಾವೇ ಸೇರಿಸಬೇಕು.

ಮೊದಲು, ಹೊಸ ವರ್ಗ ನಿಜಕ್ಕೂ ಬೇಕಾ ನೋಡಿ. 'ರೋಗಿ'ಯನ್ನು ಮನುಷ್ಯನ ಒಂದು ಬಗೆ ಎಂದು ಸೇರಿಸಲು ಮನಸ್ಸಾಗುತ್ತದೆ. ಬೇಡ. ಚಿಕಿತ್ಸೆ ಮುಗಿದ ಮೇಲೂ ಅವನು ಅದೇ ಮನುಷ್ಯ, ಅಲ್ವಾ? ರೋಗಿ ಅನ್ನುವುದು ಅವನ ಪಾತ್ರ. ಅದಕ್ಕೆ 'ರೋಲ್' ವರ್ಗ ಆಗಲೇ ಇದೆ.

ನಮ್ಮ ಹಳೆಯ ದರ್ಶನಗಳಲ್ಲೊಂದಾದ ವೈಶೇಷಿಕದವರ ಪಟ್ಟಿಯಲ್ಲೂ ಮೊದಲು ಆರೇ ಪದಾರ್ಥಗಳಿದ್ದವು, ಅಂದರೆ ಇರುವುದೆಲ್ಲದರ ವರ್ಗಗಳು. 'ನೆಲದ ಮೇಲೆ ಗಡಿಗೆ ಇಲ್ಲ' ಎಂಬ ಅರಿವಿಗೆ ವಿಷಯ ಯಾವುದು? ಏಳನೆಯದಾಗಿ 'ಅಭಾವ' ಸೇರಿದ್ದು ಇಂಥ ಪ್ರಶ್ನೆಯಿಂದ. ಇರುವುದರಲ್ಲಿ ಹೊಂದದಿದ್ದಾಗ ಮಾತ್ರ ಸೇರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಒಂದೇ ಒಂದು ತಾಯಿವರ್ಗ ಹುಡುಕಿ. ಚೀಟಿಯ ಒಕ್ಕಣೆ ಕಾಗದದಿಂದ ಮೊಬೈಲಿಗೆ ಹೋಗಬಲ್ಲದು, ಆದರೆ ಯಾವುದಾದರೂ ಆಸರೆ ಇಲ್ಲದೆ ಉಳಿಯದು. ಇಂಥವಕ್ಕೆ ಬಿಎಫ್‌ಒದಲ್ಲಿ 'ಜೆನೆರಿಕಲಿ ಡಿಪೆಂಡೆಂಟ್ ಕಂಟಿನ್ಯುಯೆಂಟ್' ಎಂಬ ಜಾಗವಿದೆ. ಮಾಹಿತಿಗೆಂದೇ ಇರುವ ಇನ್ಫರ್ಮೇಶನ್ ಆರ್ಟಿಫ್ಯಾಕ್ಟ್ ಆಂಟಾಲಜಿ ಕಟ್ಟಿದವರು ಅದರ ಕೆಳಗೇ 'ಇನ್ಫರ್ಮೇಶನ್ ಕಂಟೆಂಟ್ ಎಂಟಿಟಿ' ಸೇರಿಸಿದರು. ವ್ಯಾಖ್ಯೆ ಬರೆದ ರೀತಿ ನೋಡಿ: ತಾಯಿವರ್ಗದ ಹೆಸರು, ಜೊತೆಗೆ ಇದನ್ನು ಬೇರೆ ಮಾಡುವ ಒಂದು ಗುಣ, 'ಯಾವುದೋ ಒಂದರ ಕುರಿತು ಇರುವುದು'. ಆ 'ಕುರಿತು' ಎಂಬ ಸಂಬಂಧವನ್ನೂ ಸೇರಿಸಿದರು. ಸಂಬಂಧವಿಲ್ಲದ ವರ್ಗ ಸುಮ್ನೆ ಹೆಸರಾಗಿ ಉಳಿಯುತ್ತದೆ.

ಈಗ ಆಂಟಾಲಜಿ ಬರೆಯುವ ತಂತ್ರಾಂಶವಾದ ಪ್ರೊಟೆಜೆ ತೆರೆಯಿರಿ. ಬಿಎಫ್‌ಒ ಫೈಲನ್ನು ತಿದ್ದಬೇಡಿ, ಇಂಪೋರ್ಟ್ ಮಾಡಿಕೊಳ್ಳಿ. ನಿಮ್ಮ ವರ್ಗಗಳಿಗೆ ನಿಮ್ಮದೇ ವೆಬ್ ವಿಳಾಸದಂಥ ಗುರುತು, ಅಂದರೆ ಐಆರ್‌ಐ ಕೊಡಿ. ನಂತರ ವರ್ಗಗಳ ನಡುವಿನ ವಿರೋಧ ಹುಡುಕುವ ಹರ್ಮಿಟ್ ರೀಸನರ್ ಓಡಿಸಿ. ಚೀಟಿಯ ಒಕ್ಕಣೆಯನ್ನೂ ಬರೆಯುವ ಕ್ರಿಯೆಯನ್ನೂ ಒಂದೇ ವರ್ಗದಲ್ಲಿ ಬೆರೆಸಿದ್ದರೆ ಅದು ಕೆಂಪಾಗಿ 'ನಥಿಂಗ್', ಅಂದರೆ ಏನೂ ಇರಲಾರದ ವರ್ಗದ ಕೆಳಗೆ ಕಾಣುತ್ತದೆ. ಕಂಟಿನ್ಯುಯೆಂಟ್, ಅಕರೆಂಟ್ ಎರಡೂ ಆಗಿರುವ ವಸ್ತು ಇರಲಾರದು ಎಂದು ಬಿಎಫ್‌ಒ ಮೊದಲೇ ಹೇಳಿಬಿಟ್ಟಿದೆ. ಆಗ ಆ ವರ್ಗವನ್ನು ಎರಡಾಗಿ ಒಡೆದು, ರೀಸನರ್ ಮತ್ತೆ ಓಡಿಸಿ.