ರಾತ್ರಿ ಊಟ ಕೈಮೀರುತ್ತಿದ್ದರೆ ಬೆಳಗಿನ ತಟ್ಟೆಯಿಂದ ಶುರು ಮಾಡಿ

ತೂಕ ಇಳಿಸಲು ಹೊರಟವರು ನನ್ನೆದುರು ಕುಳಿತು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಹಗಲೆಲ್ಲ ಸರಿಯಾಗಿಯೇ ಇರುತ್ತೇನೆ ಮೇಡಂ, ರಾತ್ರಿಯಾದರೆ ಏನಾಗುತ್ತದೋ ಗೊತ್ತಾಗುವುದಿಲ್ಲ. ನನ್ನ ಮನಸ್ಸೇ ಗಟ್ಟಿಯಿಲ್ಲ." ದಾವಣಗೆರೆಯಲ್ಲಿ ಆಹಾರ ಸಲಹೆ ಕೊಡುವುದು ನನ್ನ ಕೆಲಸ. ಆ ಮಾತು ಕೇಳಿದಾಗಲೆಲ್ಲ ನಾನು ಮನಸ್ಸಿನ ವಿಷಯವನ್ನು ಪಕ್ಕಕ್ಕಿಟ್ಟು, ಬೆಳಗ್ಗೆ ಎದ್ದಾಗಿನಿಂದ ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಒಂದು ಹಾಳೆಯಲ್ಲಿ ಬರೆಯಲು ಹೇಳುತ್ತೇನೆ. ಉತ್ತರ ಸಾಮಾನ್ಯವಾಗಿ ಆ ಹಾಳೆಯ ಮೇಲರ್ಧದಲ್ಲೇ ಇರುತ್ತದೆ.

ಹರಿಹರದ ಕಡೆಯಿಂದ ಬರುತ್ತಿದ್ದ ಒಬ್ಬ ಶಿಕ್ಷಕಿಯ ಹಾಳೆ ಹೀಗಿತ್ತು. ಬೆಳಗ್ಗೆ ಆರೂವರೆಗೆ ಬಿಸಿನೀರು, ನಿಂಬೆರಸ. ತಿಂಡಿ ಇಲ್ಲ. ಹನ್ನೊಂದಕ್ಕೆ ಶಾಲೆಯಲ್ಲಿ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಎಣ್ಣೆಯಿಲ್ಲದ ಒಂದು ಚಪಾತಿ, ಸೌತೆಕಾಯಿ ಹೋಳು. ಸಂಜೆ ಐದಕ್ಕೆ ಬಸ್ಸು. ಅಲ್ಲಿಯವರೆಗೆ ಲೆಕ್ಕ ಹಾಕಿದರೆ ಸುಮಾರು 300 ಕ್ಯಾಲೊರಿ. ಹೆಚ್ಚು ಮೈಬಗ್ಗಿಸುವ ಕೆಲಸವಿಲ್ಲದ ಮಹಿಳೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ದಿನದ ಅಗತ್ಯ 1660. ಆರು ಗಂಟೆಗೆ ಮನೆಗೆ ಬಂದ ಆಕೆ ಚೀಲ ಇಳಿಸಿ ನೇರ ಅಡುಗೆಮನೆಗೆ ಹೋಗುತ್ತಿದ್ದರು. ಕುಕ್ಕರ್ ಇಡುತ್ತಲೇ ಡಬ್ಬಿಯಿಂದ ಒಂದು ಹಿಡಿ ಶೇಂಗಾ, ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಇನ್ನೊಂದು ಹಿಡಿ, ಮಕ್ಕಳ ತಟ್ಟೆಯಲ್ಲಿ ಉಳಿದ ಮಂಡಕ್ಕಿ, ಅದರ ಪಕ್ಕದ ಅರ್ಧ ಮಿರ್ಚಿ. ಒಂಬತ್ತೂವರೆಗೆ ಊಟಕ್ಕೆ ಕುಳಿತರೆ ಅನ್ನ ಎಷ್ಟು ಸಲ ಬಡಿಸಿಕೊಂಡೆ ಎಂಬುದು ನೆನಪಿಲ್ಲ. ಹಾಳೆಯಲ್ಲಿ ಆ ಜಾಗದಲ್ಲಿ ಬರೆದಿದ್ದದ್ದು "ಹೆಚ್ಚಾಯಿತು" ಎಂಬ ಒಂದೇ ಪದ. ಮರುದಿನ ಬೆಳಗ್ಗೆ, ಆ ಹೆಚ್ಚಾದದ್ದಕ್ಕೆ ಪ್ರಾಯಶ್ಚಿತ್ತವಾಗಿ, ಮತ್ತೆ ತಿಂಡಿ ಇಲ್ಲ.

ಇದು ಆಕೆಯ ಸ್ವಭಾವದ ದೋಷವೇ ಅಲ್ಲ. ಹಸಿದ ದೇಹ ಮಾಡಬೇಕಾದದ್ದನ್ನೇ ಮಾಡಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಮೂವತ್ತಾರು ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ದಿನಕ್ಕೆ ಸುಮಾರು 1570 ಕ್ಯಾಲೊರಿ, ಜೊತೆಗೆ ದಿನವೂ ನಡಿಗೆ. ಆ ಯುವಕರು ಕ್ರಮೇಣ ಊಟದ ವಿಷಯ ಬಿಟ್ಟು ಬೇರೆ ಯೋಚಿಸದಾದರು. ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆ ನೆಕ್ಕತೊಡಗಿದರು. ನಿರ್ಬಂಧ ಸಡಿಲಿಸಿದ ಮೇಲೆ ಹೊಟ್ಟೆ ತುಂಬಿದರೂ ನಿಲ್ಲಿಸಲಾಗದೆ ತಿಂದವರು ಅವರಲ್ಲಿದ್ದರು. ಗಟ್ಟಿ ಮನಸ್ಸಿನವರೆಂದೇ ಆರಿಸಿ ತಂದ ಯುವಕರ ಸ್ಥಿತಿ ಇದು. ಇಂದು ಮೊಬೈಲ್‌ನಲ್ಲಿ ಹರಿದಾಡುವ ಎಷ್ಟೋ ‘ಹತ್ತು ದಿನದ ಡಯಟ್’ಗಳು ಅವರಿಗೆ ಕೊಟ್ಟಿದ್ದಕ್ಕಿಂತ ಕಡಿಮೆ ಊಟ ಹೇಳುತ್ತವೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಒಳಗೆ ನಡೆಯುವುದೇನೆಂದು ಈಗ ಇನ್ನೂ ಸ್ಪಷ್ಟವಾಗಿ ತಿಳಿದಿದೆ. ಕೊಬ್ಬಿನ ಕೋಶಗಳಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನ್ ‘ದಾಸ್ತಾನು ಸಾಕಷ್ಟಿದೆ’ ಎಂದು ಮಿದುಳಿಗೆ ತಿಳಿಸುತ್ತದೆ. ಮುಖ್ಯವಾಗಿ ಜಠರದಿಂದ ಬರುವ ಗ್ರೆಲಿನ್ ಹಸಿವನ್ನು ಎಬ್ಬಿಸುತ್ತದೆ. ತೂಕ ಇಳಿದಾಗ ಮೊದಲನೆಯದು ತಗ್ಗುತ್ತದೆ, ಎರಡನೆಯದು ಏರುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರ ಬಹಳ ಕಡಿಮೆ ಆಹಾರದಿಂದ ತೂಕ ಇಳಿಸಿದವರಲ್ಲಿ ಈ ಏರುಪೇರು ಒಂದು ವರ್ಷದ ನಂತರವೂ ಪೂರ್ತಿ ಸರಿಹೋಗಿರಲಿಲ್ಲ. ಆದ್ದರಿಂದ ನಿಧಾನವಾಗಿ ಇಳಿಸಿ ಎಂದು ನಾನು ಹೇಳುವುದು ಸಮಾಧಾನದ ಮಾತಲ್ಲ. ದಿನದ ಅಗತ್ಯಕ್ಕಿಂತ 300ರಿಂದ 500 ಕ್ಯಾಲೊರಿ ಕಡಿಮೆಯಾದರೆ ಸಾಕು. ಅದಕ್ಕಿಂತ ಆಳಕ್ಕೆ ಇಳಿದರೆ ಹಸಿವು ಅದನ್ನು ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಹಾಗಾಗಿ ಮೊದಲ ಎರಡು ವಾರ ರಾತ್ರಿಯ ಊಟವನ್ನು ಮುಟ್ಟಲೇಬೇಡಿ. ಎಷ್ಟು ತಿನ್ನುತ್ತಿದ್ದೀರೋ ಅಷ್ಟೇ ತಿನ್ನಿ. ಬದಲಿಸಬೇಕಾದದ್ದು ಬೆಳಗಿನ ತಿಂಡಿ, ಮಧ್ಯಾಹ್ನದ ಡಬ್ಬಿ ಮತ್ತು ಸಂಜೆ ಐದು ಗಂಟೆಯ ತಿನಿಸು, ಇಷ್ಟನ್ನೇ.

ತಿಂಡಿಯಲ್ಲಿ ಪ್ರೋಟೀನ್ ಇರಬೇಕು. ನಮ್ಮ ಉಪ್ಪಿಟ್ಟು, ಅವಲಕ್ಕಿ, ಇಡ್ಲಿ ಎಲ್ಲವೂ ಒಳ್ಳೆಯ ತಿಂಡಿಗಳೇ, ಆದರೆ ಒಂಟಿಯಾಗಿ ತಿಂದರೆ ಹತ್ತೂವರೆ ಹನ್ನೊಂದಕ್ಕೆ ಮತ್ತೆ ಹೊಟ್ಟೆ ಕೂಗುತ್ತದೆ. ಅವಲಕ್ಕಿಯ ಪಕ್ಕದಲ್ಲಿ ಎರಡು ಬೇಯಿಸಿದ ಮೊಟ್ಟೆ ಇಡಿ, 12 ಗ್ರಾಂ ಪ್ರೋಟೀನ್ ಬಂತು. ಮೊಟ್ಟೆ ತಿನ್ನದವರು ರಾತ್ರಿಯೇ ಹೆಸರುಕಾಳು ನೆನೆಹಾಕಿ ಉಸುಳಿ ಮಾಡಿ. ಒಣಗಿದ 30 ಗ್ರಾಂ ಕಾಳಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದೆ, ಮೇಲೆ ಒಂದು ಲೋಟ ಹಾಲು ಕುಡಿದರೆ ಇನ್ನೊಂದು 6 ಗ್ರಾಂ. ಜೋಳದ ರೊಟ್ಟಿ ತಿನ್ನುವ ಮನೆಯವರಿಗೆ ಇದು ಇನ್ನೂ ಸುಲಭ: ರೊಟ್ಟಿ, ಕಾಳಿನ ಪಲ್ಯ, ಗಟ್ಟಿ ಮೊಸರು. ಮಧ್ಯಾಹ್ನದ ಡಬ್ಬಿಗೂ ಇದೇ ನಿಯಮ. ಒಂದು ಚಪಾತಿಯ ಡಬ್ಬಿಯನ್ನು ಎರಡು ಚಪಾತಿ, ಬೇಳೆಯ ಪಲ್ಯ, ಒಂದು ತರಕಾರಿ ಎಂದು ಮಾಡಿ. ಊಟ ಹೆಚ್ಚಿಸಿ ತೂಕ ಇಳಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಹದಿನೈದು ದಿನ ಕಳೆದ ಮೇಲೆ ರಾತ್ರಿಯ ಅನ್ನ ತಾನಾಗಿ ಕಡಿಮೆಯಾಗಿರುವುದನ್ನು ಹಾಳೆಯಲ್ಲಿ ಅವರೇ ನೋಡುತ್ತಾರೆ.

ಇನ್ನು ಐದು ಗಂಟೆ. ಈ ಊರಿನಲ್ಲಿ ಆ ಹೊತ್ತಿಗೆ ರಸ್ತೆರಸ್ತೆಯಲ್ಲೂ ಮಿರ್ಚಿ ಕರಿಯುವ ವಾಸನೆ ಇರುತ್ತದೆ. ಹೊಟ್ಟೆ ಖಾಲಿ ಇಟ್ಟುಕೊಂಡು ಅದನ್ನು ದಾಟಿ ಹೋಗಿ ಎಂದು ಯಾರಿಗೂ ಹೇಳಲಾರೆ. ನಾಲ್ಕೂವರೆಗೇ, ಕೆಲಸದ ಜಾಗದಲ್ಲೇ, ಏನಾದರೂ ತಿಂದುಬಿಡಿ. ಒಂದು ಹಿಡಿ ಪುಟಾಣಿ ಮತ್ತು ಒಂದು ಸೀಬೆಹಣ್ಣು ಚೀಲದಲ್ಲಿ ಹಿಡಿಸುತ್ತವೆ. ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಮಂಡಕ್ಕಿಯನ್ನೂ ಬಿಡಬೇಕಿಲ್ಲ. ಒಣ ಮಂಡಕ್ಕಿ ಒಂದು ಬಟ್ಟಲು ತುಂಬ ಹಾಕಿಕೊಂಡರೂ ಹದಿನೈದು ಗ್ರಾಂ ತೂಗುತ್ತದೆ, ಅದರಲ್ಲಿ 60 ಕ್ಯಾಲೊರಿ. ಅದನ್ನು ಭಾರ ಮಾಡುವುದು ಒಗ್ಗರಣೆಯ ಎಣ್ಣೆ, ಸೇವು, ಜೊತೆಗೆ ಬರುವ ಎರಡು ಮಿರ್ಚಿ. ಮನೆಯಲ್ಲಿ ಒಂದು ಚಮಚ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟು, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಧಾರಾಳವಾಗಿ ಹಾಕಿ, ಪುಟಾಣಿ ಪುಡಿ ಉದುರಿಸಿ ತಿನ್ನಿ. ಮಿರ್ಚಿ ಬೇಕೆನಿಸಿದ ದಿನ ಒಂದನ್ನು ಕುಳಿತು, ಬಿಸಿ ಇರುವಾಗಲೇ, ರುಚಿ ನೋಡುತ್ತ ತಿನ್ನಿ.

ಕುಳಿತು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಂತು ತಿಂದದ್ದು ಹಾಳೆಗೆ ಬರುವುದಿಲ್ಲ. 1992ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯದು ಎನ್ನುತ್ತಿದ್ದವರು ತಾವು ತಿಂದದ್ದನ್ನು ಸರಾಸರಿ 47 ಪ್ರತಿಶತ ಕಡಿಮೆ ಬರೆದಿದ್ದರು. ಅವರು ಸುಳ್ಳುಗಾರರೆಂದು ಇದರ ಅರ್ಥವಲ್ಲ. ಕೈಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡದ್ದು ಯಾರ ಗಮನಕ್ಕೂ ಬರುವುದಿಲ್ಲ. ಒಂದು ಹಿಡಿ ಶೇಂಗಾ ಅಂದರೆ 30 ಗ್ರಾಂ, ಸುಮಾರು 170 ಕ್ಯಾಲೊರಿ. ಶೇಂಗಾ ಕೆಟ್ಟದ್ದೇನಲ್ಲ, ತಟ್ಟೆಗೆ ಹಾಕಿಕೊಂಡು ತಿನ್ನಿ. ಮನೆಯ ಹೆಂಗಸರಿಗೆ ಇದರಲ್ಲಿ ಇನ್ನೊಂದು ತೊಡಕಿದೆ: ಮಕ್ಕಳು ಬಿಟ್ಟದ್ದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ. ಅನ್ನ ಚೆಲ್ಲಬಾರದೆಂದು ಬೆಳೆದವರು ನಾವು, ಆ ಭಾವನೆ ಹೋಗುವುದು ಬೇಡ. ಮಗುವಿಗೆ ಮೊದಲೇ ಅರ್ಧ ಬಡಿಸಿ, ಬೇಕೆಂದರೆ ಮತ್ತೆ ಬಡಿಸಿ. ಪಾತ್ರೆಯಲ್ಲಿ ಉಳಿದದ್ದು ನಾಳೆಗಾಗುತ್ತದೆ, ತಟ್ಟೆಯಲ್ಲಿ ಉಳಿದದ್ದು ಅಮ್ಮನ ಹೊಟ್ಟೆಗೆ ಹೋಗುತ್ತದೆ.

ಎಣ್ಣೆಯೂ ಹೀಗೆ ಕಾಣದೆ ಸೇರುತ್ತದೆ. ಇದನ್ನು ತಿಳಿಯಲು ಚಮಚ ಅಳೆಯುವುದಕ್ಕಿಂತ ಸುಲಭದ ದಾರಿ, ಹೊಸ ಎಣ್ಣೆ ಡಬ್ಬಿಯ ಮೇಲೆ ತೆರೆದ ದಿನಾಂಕ ಬರೆಯುವುದು. ನಾಲ್ಕು ಜನರ ಮನೆಯಲ್ಲಿ ಐದು ಲೀಟರ್ ಒಂದು ತಿಂಗಳಿಗೆ ಮುಗಿದರೆ ಒಬ್ಬೊಬ್ಬರಿಗೆ ದಿನಕ್ಕೆ 38 ಗ್ರಾಂ, ಅಂದರೆ ಸುಮಾರು 345 ಕ್ಯಾಲೊರಿ. ಅದೇ ಡಬ್ಬಿ ಎರಡು ತಿಂಗಳು ಬಂದರೆ ಯಾರ ಅನ್ನವನ್ನೂ ಮುಟ್ಟದೆ ಅದರಲ್ಲಿ ಅರ್ಧ ಉಳಿಯಿತು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕೆಲವರಿಗೆ ಕೈಮೀರುತ್ತದೆ. ಅದು ಹಸಿವಿನಿಂದಲ್ಲ, ‘ಹೇಗೂ ಕೆಟ್ಟಿತು’ ಎಂಬ ಯೋಚನೆಯಿಂದ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ರುಚಿ ಹೇಳುವ ನೆಪದಲ್ಲಿ ಐಸ್‌ಕ್ರೀಂ ಮುಂದಿಟ್ಟರು. ಪಥ್ಯದ ಗೊಡವೆಯಿಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು. ಸದಾ ಊಟಕ್ಕೆ ಕಡಿವಾಣ ಹಾಕಿಕೊಳ್ಳುವವರು ಮಿಲ್ಕ್‌ಶೇಕ್ ಕುಡಿದ ಮೇಲೇ ಹೆಚ್ಚು ತಿಂದರು. ನಿಯಮ ಮುರಿಯಿತು, ಇನ್ನೇನು ಉಳಿಯಿತು ಎಂಬ ಭಾವ. ನಮ್ಮಲ್ಲಿ ಇದು ‘ಸೋಮವಾರದಿಂದ ಶುರು’ ಎಂಬ ರೂಪದಲ್ಲಿ ಬರುತ್ತದೆ. ಶುಕ್ರವಾರ ಒಂದು ಬೆಣ್ಣೆ ದೋಸೆ ತಿಂದದ್ದಕ್ಕೆ ಶನಿವಾರ, ಭಾನುವಾರ ಎರಡೂ ಹೋಗುತ್ತವೆ. ಇದಕ್ಕೆ ಮದ್ದು ‘ಎಂದಿಗೂ ಇಲ್ಲ’ ಎಂಬ ಪಟ್ಟಿಯನ್ನೇ ಇಟ್ಟುಕೊಳ್ಳದಿರುವುದು. ನಾನು ಕೊಡುವ ಯೋಜನೆಯಲ್ಲಿ ವಾರಕ್ಕೊಮ್ಮೆ ಬೆಣ್ಣೆ ದೋಸೆ ಬರೆದೇ ಇರುತ್ತದೆ. ಯೋಜನೆಯೊಳಗೆ ಇದ್ದ ಮೇಲೆ ಅದನ್ನು ತಿಂದರೆ ಯಾವುದೂ ಮುರಿಯುವುದಿಲ್ಲ.

ಉಪವಾಸದ ಬಗ್ಗೆಯೂ ಕೇಳುತ್ತಾರೆ. ಸಂಕಷ್ಟಿ, ಏಕಾದಶಿಯ ಉಪವಾಸ ದೇವರಿಗಾಗಿ ಮಾಡುವುದಾದರೆ ಮಾಡಿ, ಅದನ್ನು ತೂಕದ ಲೆಕ್ಕಕ್ಕೆ ಸೇರಿಸಬೇಡಿ. ಶೇಂಗಾ ಪುಡಿ ಬೆರೆಸಿದ ಸಾಬೂದಾನಿ ಖಿಚಡಿ, ಕರಿದ ಬಾಳೆಕಾಯಿ, ಶೇಂಗಾ ಉಂಡೆ ಸೇರಿದರೆ ಉಪವಾಸದ ದಿನ ಮಾಮೂಲಿ ದಿನವನ್ನೇ ಮೀರಿಸುತ್ತದೆ.

ನಿದ್ದೆಯನ್ನು ಯಾರೂ ಊಟದ ಜೊತೆ ಸೇರಿಸಿ ನೋಡುವುದಿಲ್ಲ. 2004ರ ಒಂದು ಪ್ರಯೋಗದಲ್ಲಿ ಎರಡೇ ರಾತ್ರಿ ನಾಲ್ಕು ಗಂಟೆಯಷ್ಟು ಮಾತ್ರ ಮಲಗಿದ ಯುವಕರಲ್ಲಿ ಲೆಪ್ಟಿನ್ 18 ಪ್ರತಿಶತ ಇಳಿದು, ಗ್ರೆಲಿನ್ 28 ಪ್ರತಿಶತ ಏರಿತ್ತು. ಹನ್ನೊಂದರ ನಂತರ ಮೊಬೈಲ್ ಹಿಡಿದು ಎಚ್ಚರವಿರುವವರಿಗೆ ನಾನು ಮೊದಲು ಊಟದ ಪಟ್ಟಿ ಕೊಡುವುದೇ ಇಲ್ಲ, ಮಲಗುವ ಹೊತ್ತು ಗೊತ್ತು ಮಾಡುತ್ತೇನೆ.

ಇದನ್ನೆಲ್ಲ ಮನೆಯಲ್ಲೇ ಮಾಡಿಕೊಳ್ಳಬಾರದವರೂ ಇದ್ದಾರೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಕುಸಿದು, ಕೈ ನಡುಗಿ, ಬೆವರು ಬಂದು, ತಡೆಯಲಾಗದ ಹಸಿವಾಗಬಹುದು. ಅವರು ವೈದ್ಯರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬದಲಿಸಬಾರದು. ಗರ್ಭಿಣಿಯರು, ಎದೆಹಾಲು ಕೊಡುವ ತಾಯಂದಿರು ಪಥ್ಯಕ್ಕೆ ಇಳಿಯುವುದೇ ಬೇಡ. ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಕಾಯಿಲೆಯ ಔಷಧಗಳು ಹಸಿವು ಹೆಚ್ಚಿಸುತ್ತವೆ. ಅನುಮಾನವಿದ್ದರೆ ಔಷಧ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ಹೇಳಿ. ಇನ್ನೂ ಒಂದು ವಿಷಯ. ಹಸಿವಿಲ್ಲದಿದ್ದರೂ, ಯಾರೂ ನೋಡದಂತೆ, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ ತಿನ್ನುವುದು ವಾರಕ್ಕೆ ಒಂದು ಸಲವಾದರೂ ಮೂರು ತಿಂಗಳಿಂದ ನಡೆಯುತ್ತಿದ್ದರೆ ಅದು ಚಿಕಿತ್ಸೆಯಿರುವ ಕಾಯಿಲೆಯಾಗಿರಬಹುದು. ಮನೋವೈದ್ಯರ ಬಳಿ ಹೋಗಿ. ಹೋಗಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ.

ಕೊನೆಗೆ ಮದುವೆ, ಗೃಹಪ್ರವೇಶ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ. ಬೆಳಗಿನ ತಿಂಡಿ ತಿಂದೇ ಹೊರಡಿ. ಎಲೆಯ ಮುಂದೆ ಕುಳಿತಾಗ ಕೋಸಂಬರಿ, ಪಲ್ಯ ಮೊದಲು ತಿನ್ನಿ. ಹೋಳಿಗೆ ಒಂದನ್ನು ತುಪ್ಪ ಹಾಕಿಸಿಕೊಂಡೇ ತಿನ್ನಿ. ಎರಡನೆಯದಕ್ಕೆ ಒತ್ತಾಯ ಬಂದಾಗ "ಡಯಟ್" ಎನ್ನಬೇಡಿ, ಆ ಮಾತಿಗೆ ಬಡಿಸುವವರು ಇನ್ನೂ ಹುರುಪಾಗುತ್ತಾರೆ. "ತುಂಬ ಚೆನ್ನಾಗಿದೆ ಅಕ್ಕ, ಅನ್ನಕ್ಕೆ ಜಾಗ ಬೇಕು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಮರುದಿನ ತೂಕ ನೋಡಿದರೆ ಒಂದು ಕಿಲೋ ಏರಿರಬಹುದು. ಒಂದು ಕಿಲೋ ಕೊಬ್ಬು ಸೇರಲು ಅಗತ್ಯಕ್ಕಿಂತ ಸುಮಾರು 7700 ಕ್ಯಾಲೊರಿ ಹೆಚ್ಚು ತಿನ್ನಬೇಕು, ಒಂದು ಮದುವೆಯೂಟದಲ್ಲಿ ಅದು ಆಗುವ ಮಾತಲ್ಲ. ಏರಿದ್ದು ಬಹುಪಾಲು ಉಪ್ಪು ಮತ್ತು ಪಿಷ್ಟ ಹಿಡಿದಿಟ್ಟ ನೀರು, ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿಡಿ.