ಹೊಸಬರಿಗೆ ಮಾರ್ಗದರ್ಶಿ: ಪ್ರೆಶರ್ ವಾಷರ್ ಒಯ್ಯುವ ಮುನ್ನ

ವರ್ಗಾವಣೆ ಮೇಲೆ ಕಲಬುರಗಿಗೆ ಬಂದಿದ್ದೀರಿ, ಸ್ವಾಗತ. ಗುಲ್ಬರ್ಗ ಅನ್ನುವುದನ್ನು ಮೊದಲು ಬಿಡಿ, 2014ರಲ್ಲೇ ಹೆಸರು ಬದಲಾಗಿದೆ. ಅಂಗಡಿಯಲ್ಲಿ ನಲ್ಲಿ, ಪೊರಕೆ ಅನ್ನಬೇಡಿ. ನಳ, ಕಸಬರಿಗೆ ಅನ್ನಿ. "ಇಲ್ಲಿನ ಕನ್ನಡ ಒಂಥರಾ" ಅಂತ ಮೂಗು ಮುರಿಯುವವರಿಗೆ ಒಂದು ಮಾತು: ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರುವುದು ಇದೇ ಜಿಲ್ಲೆಯಲ್ಲಿ.

ಈಗ ನಮ್ಮ ಸಂಘ ಒಯ್ಯಲು ಕೊಡುವ ಪ್ರೆಶರ್ ವಾಷರ್, ಅಂದರೆ ಭಾರೀ ಒತ್ತಡದಲ್ಲಿ ನೀರು ಚಿಮ್ಮಿಸಿ ತೊಳೆಯುವ ಮಿಷಿನ್, ಅದರ ವಿಷಯ. ಒಂದು ಮಿಷಿನ್‌ಗೆ ಇಷ್ಟುದ್ದ ಯಾಕೆ ಅಂತ ಕೇಳಬೇಡಿ. ಬರೆಯುತ್ತಿರುವವನ ಎಡಗಾಲಿನಲ್ಲಿ ಇನ್ನೂ ಹೊಲಿಗೆ ಗುರುತಿದೆ.

ಮೊದಲು ನೆಲ ನೋಡಿ

ನಾನು ಹಾಸನದ ಕಡೆಯವನು. ಅಂಗಳಕ್ಕೆ ನೀರು ಬೀಳದೆ ನಮಗೆ ಬೆಳಗಾಗುವುದಿಲ್ಲ. ನೀವೂ ಹಾಗೇ ಇರುತ್ತೀರಿ. ಇಲ್ಲಿಗೆ ಬಂದ ವರ್ಷ ದೀಪಾವಳಿಗೆ ಮುಂಚೆ ಬಾಡಿಗೆ ಮನೆಯ ಫರಸಿಗೆ, ಅಂದರೆ ನೆಲದ ಹಾಸುಗಲ್ಲಿಗೆ, ಮಿಷಿನ್ ಹಿಡಿದೆ. ಕಪ್ಪು ಕೊಳೆ ಹೋಗಿ ಬೂದು ಬಣ್ಣ ಕಾಣಿಸಿತು. ಖುಷಿಯಲ್ಲಿ ಇನ್ನೂ ಹತ್ತಿರ ಹಿಡಿದೆ. ಸಂದಿಯ ಗಚ್ಚು ಪುಡಿಯಾಗಿ ಗೋಡೆಗೆ ಸಿಡಿಯಿತು. ಕಲ್ಲಿನ ಅಂಚಿನಿಂದ ಹಪ್ಪಳದಂಥ ಒಂದು ಪದರ ಎದ್ದು ಬಂತು. ಮನೆ ಮಾಲೀಕರು, ನಾವು ಕಾಕಾ ಅಂತಿದ್ದೆವು, ಗೇಟಿನಲ್ಲೇ ನಿಂತು ಕೇಳಿದರು: "ಸರ, ಫರಸಿ ತೊಳೀಲಾಕತ್ತೀರೋ, ಕೀಳ್ಲಾಕತ್ತೀರೋ?" ಡಿಪಾಸಿಟ್‌ನಲ್ಲಿ ಒಂದು ರೂಪಾಯಿ ಹಿಡಿಯಲಿಲ್ಲ. ಅದು ಅವರ ದೊಡ್ಡತನ.

ಫರಸಿ ಅಂದರೆ ಶಹಾಬಾದ್ ಕಲ್ಲು. ಶಹಾಬಾದ್ ಇಲ್ಲೇ, ನಮ್ಮ ಜಿಲ್ಲೆಯದೇ ಊರು. ಇದು ಸುಣ್ಣದ ಕಲ್ಲು. ಪದರ ಪದರವಾಗಿ ಏಳುತ್ತದೆ ಅಂತಲೇ ಹಾಸುಗಲ್ಲಾಗಿ ಇಷ್ಟು ಚೆನ್ನಾಗಿ ಸಿಗುತ್ತದೆ. ಅಂಥ ಕಲ್ಲಿನ ಅಂಚಿಗೇ ನೀರು ನುಗ್ಗಿಸಿದರೆ ಏಳದೆ ಇರುತ್ತದಾ? ಬೀಸಣಿಗೆಯಂತೆ ಅಗಲವಾಗಿ ಬೀಳುವ ಬಿಳಿ ನಾಜಲ್ (ನೀರು ಚಿಮ್ಮುವ ಗನ್ನಿನ ತುದಿಯ ಮೂತಿ, 40 ಡಿಗ್ರಿಯದು) ಹಾಕಿ, ಒಂದಡಿಗಿಂತ ದೂರದಿಂದ, ಓರೆಯಾಗಿ ಹಿಡಿಯಿರಿ. ಸಂದಿಗೆ ಗುರಿ ಇಡಬೇಡಿ. ಕೆಂಪು ನಾಜಲ್, ಅಂದರೆ ಸೂಜಿಯಂತೆ ಬೀಳುವ 0 ಡಿಗ್ರಿಯದು, ಸಂಘದ ಪೆಟ್ಟಿಗೆಯಲ್ಲಿ ಇಲ್ಲ. ನಾವೇ ತೆಗೆದಿಟ್ಟಿದ್ದೇವೆ, ಹುಡುಕಬೇಡಿ.

ಆ್ಯಸಿಡ್ ಅಂತೂ ಬೇಡವೇ ಬೇಡ. ಫರಸಿ ಮೇಲೆ ಬಿದ್ದರೆ ಬುಸ್ ಅಂತ ನೊರೆ ಬರುತ್ತದೆ. ಕಲೆ ಹೋಗುತ್ತಿದೆ ಅಂದುಕೊಳ್ಳುತ್ತೀರಿ, ಹೋಗುತ್ತಿರುವುದು ಕಲ್ಲು.

ಬೀದರ್ ಕಡೆ ಹಳೇ ಮನೆ ಹಿಡಿದವರು ಕೆಂಪು ಜಂಬಿಟ್ಟಿಗೆ ಗೋಡೆಗೆ ಮಿಷಿನ್ ತೋರಿಸಲೂಬೇಡಿ. ತೂತು ತೂತಿನ ಕಲ್ಲು, ನೀರು ಕುಡಿಯುತ್ತದೆ. ಮಣ್ಣಿನ ಮಾಳಿಗೆಗೂ (ಚಾವಣಿಗೂ) ಇದೇ ಮಾತು.

ನೀರು

- ನಿಮಿಷಕ್ಕೆ 6–7 ಲೀಟರ್ ಎಳೆಯುತ್ತದೆ. ಅರ್ಧ ಗಂಟೆಗೆ ಸುಮಾರು 200 ಲೀಟರ್, ಅಂದರೆ ಒಂದು ಡ್ರಮ್.
- ನಳಕ್ಕೆ ನೇರ ಜೋಡಿಸಬೇಡಿ. ನೀರು ನಿಂತರೆ ಪಂಪ್ ಒಣಗಿ ಓಡಿ ಹಾಳಾಗುತ್ತದೆ.
- ಬೋರ್ ನೀರು ಗಡಸು. ಮಿಷಿನ್‌ಗೆ ನೀರು ಹೋಗುವ ಬಾಯಿಯ ಜಾಲರಿಯಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಪ್ರತಿ ಸಲ ತೊಳೆಯಿರಿ.
- ಏಪ್ರಿಲ್, ಮೇನಲ್ಲಿ ಮಿಷಿನ್ ಕೇಳಬೇಡಿ. ಪಕ್ಕದವರು ಕೊಡ ಹಿಡಿದು ನಿಂತಿರುವಾಗ ನೀವು ಅಂಗಳ ತೊಳೆಯುವುದು ಚಂದ ಕಾಣುವುದಿಲ್ಲ.

ಕರೆಂಟು

ಮಿಷಿನ್ 1800 ವಾಟಿನದು, ಸುಮಾರು 8 ಆಂಪ್ ಎಳೆಯುತ್ತದೆ. ಟಿವಿ ಹಾಕುವ ಸಣ್ಣ ಸಾಕೆಟ್ ಸಾಲದು. ಗೀಸರಿಗೆ ಇರುವಂಥ ದೊಡ್ಡ ಸಾಕೆಟ್ ಬೇಕು, ಅರ್ಥಿಂಗ್ ಇರಲೇಬೇಕು. ಹಳೇ ಬಾಡಿಗೆ ಮನೆಗಳಲ್ಲಿ ಮೂರು ತೂತು ಇರುತ್ತದೆ, ಹಿಂದೆ ಅರ್ಥಿಂಗ್ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ತೋರಿಸಿ.

"ಎಂಸಿಬಿ ಇದೆಯಲ್ಲ" ಅನ್ನುತ್ತೀರಿ, ಅಲ್ವಾ? ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ವೈರನ್ನು ಉಳಿಸುತ್ತದೆ, ನಿಮ್ಮನ್ನಲ್ಲ. ಮನುಷ್ಯನ ಮೈ ಮೇಲೆ ಕರೆಂಟು ಹರಿದರೆ ತಕ್ಷಣ ಕಡಿಯುವುದು 30 ಮಿಲಿಆಂಪಿನ ಆರ್‌ಸಿಸಿಬಿ. ಅದಿಲ್ಲದ ಮನೆಗೆ ಸಂಘ ಮಿಷಿನ್ ಕೊಡುವುದಿಲ್ಲ. ಜಗಳಕ್ಕೆ ಬಂದರೂ ಕೊಡುವುದಿಲ್ಲ. ಎಕ್ಸ್‌ಟೆನ್ಶನ್ ಬೋರ್ಡು ಒದ್ದೆ ನೆಲದ ಮೇಲೆ ಬೀಳದಿರಲಿ. ಒದ್ದೆ ಕೈಯಲ್ಲಿ ಪ್ಲಗ್ ಕೀಳಬೇಡಿ. ಮೀಟರು, ಸ್ವಿಚ್ ಬೋರ್ಡು, ಏಸಿ ಹೊರಪೆಟ್ಟಿಗೆ, ಕೂಲರ್ ಇವುಗಳ ಹತ್ತಿರ ನೀರು ಬಿಡಲೇಬಾರದು. ಕೂಲರಿನ ಹುಲ್ಲಿನ ಪ್ಯಾಡ್ ಕೈಯಲ್ಲೇ ತೊಳೆಯಿರಿ.

ನನ್ನ ಕಾಲು

ಮಳೆಗಾಲದಲ್ಲಿ ಇಲ್ಲಿನ ಎರೆಮಣ್ಣು ಮೆಟ್ಟಿದವರಿಗೆ ಗೊತ್ತು, ಚಪ್ಪಲಿಯ ತೂಕ ಎರಡು ಪಟ್ಟಾಗುತ್ತದೆ. ಬೈಕ್ ತೊಳೆಯುತ್ತಿದ್ದವನು, ಸುಮ್ನೆ ಹಾಗೇ ಚಪ್ಪಲಿಗೂ ಒಂದು ಸಲ ಹಿಡಿದೆ. ಕಾಲು ಚಪ್ಪಲಿಯಲ್ಲೇ ಇತ್ತು. ಸೂಜಿ ಚುಚ್ಚಿದಷ್ಟು ಗಾಯ, ಎರಡು ಹನಿ ರಕ್ತ. ಹತ್ತಿರದ ಕ್ಲಿನಿಕ್ಕಿನಲ್ಲಿ ಪಟ್ಟಿ ಕಟ್ಟಿ ಕಳಿಸಿದರು. ರಾತ್ರಿ ಹೊತ್ತಿಗೆ ಪಾದ ಊದಿ ಬೆರಳು ಮಡಚಲಾಗಲಿಲ್ಲ. ಬೆಳಗ್ಗೆ ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದು, ಒಳಗೆ ಹೊಕ್ಕಿದ್ದ ಮಣ್ಣು ನೀರು ತೊಳೆದು ಹೊಲಿದರು.

ಕಾರಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್ (ಒತ್ತಡದ ಅಳತೆ) ಗಾಳಿ. ಈ ಗನ್ನಿನಿಂದ ಬರುವುದು 100 ಬಾರ್ ನೀರು. ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಗಾಯ ಚಿಕ್ಕದು ಕಾಣುತ್ತದೆ, ಮೋಸವೇ ಅಲ್ಲಿರುವುದು. ಅಂಥ ಗಾಯವಾದರೆ ನೋವಿಗೆ ಕಾಯದೆ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. "ಪ್ರೆಶರ್ ವಾಷರ್ ನೀರು ಚರ್ಮದೊಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಿ. ನಾನು "ಏನೋ ತಾಗಿತು" ಅಂದಿದ್ದೆ.

ಮುಚ್ಚಿದ ಬೂಟು, ಕನ್ನಡಕ ಹಾಕಿ. ಏಣಿ ಮೇಲೆ ನಿಂತು ಗನ್ ಒತ್ತಬೇಡಿ, ಹಿಂದಕ್ಕೆ ತಳ್ಳುತ್ತದೆ. ಟೈರಿನ ಪಕ್ಕಕ್ಕೂ ತೀರ ಹತ್ತಿರ ಹಿಡಿಯಬೇಡಿ. ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿ, ನೀರು ನಿಲ್ಲಿಸಿ, ಗನ್ ಒತ್ತಿ ಒಳಗಿನ ಒತ್ತಡ ಪೂರ್ತಿ ಬಿಟ್ಟು, ಆಮೇಲೆ ಪೈಪ್ ಬಿಚ್ಚಿ. ಆರಿಸಿದ ಮಿಷಿನ್ ಕೂಡ ಒಂದು ಸಲ ಚಿಮ್ಮುತ್ತದೆ.

ಒಯ್ಯುವವರಿಗೆ

- ಆಯುಧ ಪೂಜೆ ವಾರಕ್ಕೆ ಮೊದಲೇ ಹೆಸರು ಬರೆಸಿ.
- ಮಕ್ಕಳ ಕೈಗೆ ಗನ್ ಕೊಡಬೇಡಿ.
- ಬಣ್ಣದ ಹಬ್ಬದ ದಿನ ಮಿಷಿನ್ ಯಾರಿಗೂ ಇಲ್ಲ. ಒಬ್ಬರು ತೊಟ್ಟಿಗೆ ಬಣ್ಣ ಕಲಸಿ ಜೋಡಿಸಲು ಹೊರಟಿದ್ದರು. ಅವತ್ತಿನಿಂದ ಪ್ಲಗ್ಗಿನ ವೈರು ಕಾರ್ಯದರ್ಶಿಗಳ ಮನೆಯ ಬೀರುವಿನಲ್ಲಿ ಬೇರೆಯಾಗಿ ಇರುತ್ತದೆ. ಆ ಮನೆಯ ಅಕ್ಕಾವರನ್ನು ಕೇಳಿ ತೆಗೆದುಕೊಳ್ಳಿ.