ತುತ್ತೂರಿ ಇಲ್ಲದ ಸ್ಕಾ: ಆಪರೇಷನ್ ಐವಿಯಿಂದ ನಾನು ಕಲಿತದ್ದು

ಸ್ಕಾ ಪಂಕ್ (ಜಮೈಕಾದ ಸ್ಕಾ ಸಂಗೀತ, ಪಂಕ್ ರಾಕ್ ಎರಡೂ ಬೆರೆತದ್ದು) ಅಂದ ಕೂಡಲೇ ಜಾಸ್ತಿ ಜನಕ್ಕೆ ನೆನಪಾಗುವುದು ಟ್ರಂಪೆಟ್, ಟ್ರಾಂಬೋನ್, ಕಪ್ಪು ಬಿಳುಪಿನ ಚೌಕಳಿ ಬಟ್ಟೆ. ನಾನು ಇದನ್ನು ನುಡಿಸಲು ಕಲಿತದ್ದು ಒಂದೇ ಒಂದು ತುತ್ತೂರಿಯೂ ಇಲ್ಲದ ಬ್ಯಾಂಡಿನಿಂದ. ಒಬ್ಬ ಹಾಡುಗಾರ, ಒಂದು ಗಿಟಾರ್, ಒಂದು ಬೇಸ್ (ತಗ್ಗು ಸ್ವರದ ಗಿಟಾರ್), ಡ್ರಮ್ಸ್. ಅಷ್ಟೇ. ಹೆಸರು ಆಪರೇಷನ್ ಐವಿ. 1987ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶುರುವಾಗಿ 1989ರಲ್ಲಿ ಮುಗಿದ ಬ್ಯಾಂಡ್. 1952ರಲ್ಲಿ ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತಲ್ಲ, ಆ ಪರೀಕ್ಷೆಗಳಿಗೆ ಇಟ್ಟ ಹೆಸರನ್ನೇ ಇವರು ಎತ್ತಿಕೊಂಡರು.

ನಾನು ಇರುವುದು ಫ್ರೀಮಾಂಟಿನಲ್ಲಿ, ಬರ್ಕ್ಲಿಗೆ ಹತ್ತಿರವೇ. ಹಗಲು ಸಾಫ್ಟ್‌ವೇರ್, ವಾರದ ಕೊನೆಗೆ ಗಿಟಾರ್. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕೆಲವು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿದ್ದೆ. ಆ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಬ್ಯಾಂಡಿನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಗಿಟಾರ್ ನುಡಿಸಿದ ಟಿಮ್ ಆರ್ಮ್‌ಸ್ಟ್ರಾಂಗ್, ಬೇಸ್ ನುಡಿಸಿದ ಮ್ಯಾಟ್ ಫ್ರೀಮನ್ ಇಬ್ಬರೂ ಬರ್ಕ್ಲಿ ಪಕ್ಕದ ಆಲ್ಬನಿ ಊರಿನ ಬಾಲ್ಯದ ಗೆಳೆಯರು. ಇದಕ್ಕೂ ಮೊದಲು ಬೇಸಿಕ್ ರೇಡಿಯೋ ಎಂಬ ಬ್ಯಾಂಡಿನಲ್ಲಿ ಜೊತೆಗೆ ಸ್ಕಾ ನುಡಿಸಿದವರು. ಹಾಡುಗಾರ ಜೆಸ್ಸಿ ಮೈಕಲ್ಸ್, ಡ್ರಮ್ಸ್‌ಗೆ ಡೇವ್ ಮೆಲ್ಲೋ. ಇವರ ಅಡ್ಡೆ ಗಿಲ್ಮನ್ ರಸ್ತೆಯ 924ನೇ ನಂಬರಿನ ಕ್ಲಬ್. 1986ರ ಕೊನೆಯ ರಾತ್ರಿ ತೆರೆದ ಜಾಗ ಅದು. ನಡೆಸುವವರು ಸಂಬಳ ಇಲ್ಲದ ಸ್ವಯಂಸೇವಕರು. ಒಳಗೆ ಮದ್ಯ ಇಲ್ಲ, ಹಾಗಾಗಿ ಎಲ್ಲ ವಯಸ್ಸಿನವರೂ ಬರಬಹುದು. ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ವೇದಿಕೆ ಇಲ್ಲ ಎಂಬ ನಿಯಮವೂ ಬಹುಕಾಲ ಇತ್ತು. ಆ ಹಾಡುಗಳಲ್ಲಿ ಎಲ್ಲರೂ ಸೇರಿ ಕೂಗುವ ಸಾಲುಗಳು ಅಷ್ಟೊಂದು ಯಾಕಿವೆ ಅನ್ನುವುದು ಆ ಜಾಗ ನೋಡಿದ ಮೇಲೆ ನನಗೆ ಸರಿಯಾಗಿ ಅರ್ಥವಾಯಿತು. ಅಲ್ಲಿ ವೇದಿಕೆಗೂ ಜನಕ್ಕೂ ನಡುವೆ ಅಂತರವೇ ಕಡಿಮೆ.

ಈಗ ಗಿಟಾರಿಗೆ ಬರೋಣ. 1950ರ ದಶಕದ ಕೊನೆಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಸ್ಕಾದಲ್ಲಿ ಗಿಟಾರ್ ತಾಳದ ಪೆಟ್ಟಿನ ಮೇಲೆ ಬೀಳುವುದಿಲ್ಲ. ಎರಡು ಪೆಟ್ಟುಗಳ ನಡುವೆ ಬೀಳುತ್ತದೆ. ಪುಸ್ತಕದಲ್ಲಿ ಓದಿದರೆ ಸುಲಭ. ಡ್ರಮ್ಸ್ ಜೊತೆ ನಿಂತು ಜೋರಾಗಿ ನುಡಿಸುವಾಗ ಕೈ ತಾನಾಗಿ ಪೆಟ್ಟಿನ ಕಡೆ ಜಾರುತ್ತದೆ. ನನಗೆ ದಾರಿ ಸಿಕ್ಕಿದ್ದು ಕರ್ನಾಟಕ ಸಂಗೀತದ ಅರ್ಧ ಎಡುಪಿನ, ಅಂದರೆ ತಾಳದ ಪೆಟ್ಟಾದ ಅರ್ಧಕ್ಕೆ ಶುರುವಾಗುವ, ಕೃತಿಗಳಿಂದ. ತೊಡೆಯ ಮೇಲೆ ತಾಳ ಹಾಕುತ್ತಾ, ಕೈ ತೊಡೆಗೆ ಬಡಿದಾಗ ಸುಮ್ಮನಿದ್ದು, ಕೈ ಮೇಲೆದ್ದಾಗ ಹಾಡು ಎತ್ತಿಕೊಳ್ಳುತ್ತೇವಲ್ಲ, ಇಲ್ಲೂ ಅದೇ. ಗಿಟಾರಿನ ಬಲಗೈಯೂ ಕೆಳಗೆ ಹೋಗುವಾಗ ತಂತಿ ಮುಟ್ಟುವುದಿಲ್ಲ, ಮೇಲೆ ಬರುವಾಗ ಮುಟ್ಟುತ್ತದೆ. ಮೊದಲು ಗಿಟಾರ್ ಕೆಳಗಿಟ್ಟು, ಬರೀ ತಾಳ ಹಾಕಿ ಬಾಯಲ್ಲಿ "ಚಕ್ ಚಕ್" ಅಂತ ಹೇಳಿಕೊಂಡೆ. ರೆಕಾರ್ಡಿನ ವೇಗವನ್ನು ಕಂಪ್ಯೂಟರಿನಲ್ಲಿ ಇಳಿಸಿ ಅದರ ಜೊತೆ ಕೂತೆ. ಆಮೇಲಷ್ಟೇ ತಂತಿ.

ಬಲಗೈ ಅರ್ಧ ಕೆಲಸ ಮಾತ್ರ. ಉಳಿದರ್ಧ ಎಡಗೈಯದು. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೊಳಗಿದ ಕೂಡಲೇ ಬೆರಳಿನ ಒತ್ತಡ ಸಡಿಲಿಸಬೇಕು. ಬೆರಳು ತಂತಿ ಬಿಟ್ಟು ಏಳಬಾರದು, ಒತ್ತಡ ಮಾತ್ರ ಹೋಗಬೇಕು. ಪೂರ್ತಿ ಎತ್ತಿದರೆ ತಂತಿ ತಾನೇ ಗುಂಯ್ ಅನ್ನುತ್ತದೆ. ಕೆಳಗಿನ ಸಣ್ಣ ತಂತಿ ಮೂರು ನಾಲ್ಕು ಸಾಕು, ಮೇಲಿನ ದಪ್ಪ ತಂತಿ ಬೇಡ, ಅದು ಬೇಸಿನ ಜಾಗ. ಹಾಡಿನ ಪಲ್ಲವಿ ಬಂದಾಗ ಎಲ್ಲ ತಲೆಕೆಳಗು: ಎಲ್ಲ ತಂತಿ, ಬರೀ ಕೆಳಮುಖದ ಹೊಡೆತ, ಪೂರ್ತಿ ಗರಗರ ಸದ್ದು. ಸ್ಕಾದಿಂದ ಪಂಕಿಗೆ ದಾಟುವ ಆ ಜಾಗದಲ್ಲಿ ಸದ್ದು ಬದಲಿಸುವ ಪೆಡಲ್ ಹುಡುಕುತ್ತಾ ಕಾಲಾಡಿಸುವುದು ನನಗೆ ಹಿಡಿಸಲಿಲ್ಲ. ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ಅನ್ನು ಸದಾ ಗರಗರದಲ್ಲೇ ಇಟ್ಟು, ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಸ್ಕಾ ಭಾಗಕ್ಕೆ ಅರ್ಧಕ್ಕೆ ಇಳಿಸುತ್ತೇನೆ. ಸದ್ದು ತಾನಾಗಿ ತಿಳಿಯಾಗುತ್ತದೆ. ಕಿರುಬೆರಳಲ್ಲಿ ತಿರುಗಿಸಿದರೆ ಪಲ್ಲವಿ ರೆಡಿ.

ಆದರೆ ಈ ರೆಕಾರ್ಡುಗಳ ನಿಜವಾದ ನಾಯಕ ಬೇಸ್. ಇದು ನನ್ನ ಗಟ್ಟಿ ಅಭಿಪ್ರಾಯ, ಗಿಟಾರಿಗ ಆಗಿಯೂ ಹೇಳುತ್ತಿದ್ದೇನೆ! ಬೇರೆ ಬ್ಯಾಂಡುಗಳಲ್ಲಿ ಟ್ರಂಪೆಟ್ ಮಾಡುವ ಕೆಲಸವನ್ನು ಇಲ್ಲಿ ಫ್ರೀಮನ್ ಮಾಡುತ್ತಾರೆ. ಸುಮ್ನೆ ಒಂದೇ ಸ್ವರ ಕುಟ್ಟುತ್ತಾ ಕೂರುವುದಿಲ್ಲ. ಕಾರ್ಡಿನಿಂದ ಕಾರ್ಡಿಗೆ ಹತ್ತಿ ಇಳಿದು ನಡೆಯುತ್ತಾರೆ, ಖಾಲಿ ಸಿಕ್ಕ ಕಡೆ ಒಂದು ಪುಟ್ಟ ರಾಗದ ತುಣುಕು ಹಾಕುತ್ತಾರೆ. ಗಿಟಾರ್ ನಡುನಡುವೆ ಬಾಯಿ ಮುಚ್ಚುವುದರಿಂದಲೇ ಅದೆಲ್ಲ ಕೇಳುವುದು. ನಾವೂ ಒಂದು ಬ್ಯಾಂಡ್ ಮಾಡಿಕೊಂಡಿದ್ದೇವೆ, ಅದರ ಬೇಸಿನವನು ಶಿವಮೊಗ್ಗದ ಹುಡುಗ. ಅಭ್ಯಾಸದಲ್ಲಿ ನನಗೆ ಹೇಳುತ್ತಲೇ ಇರುತ್ತಾನೆ: "ನೀ ಸ್ವಲ್ಪ ಸುಮ್ನಿರು ಮಾರಾಯ, ನಂದೂ ಜನಕ್ಕೆ ಕೇಳ್ಲಿ."

ಆಪರೇಷನ್ ಐವಿ ಹೊರತಂದ ರೆಕಾರ್ಡಿಂಗ್ ಎಲ್ಲ ಸೇರಿದರೂ ಒಂದು ಸಿಡಿಯಲ್ಲಿ ಹಿಡಿಸುತ್ತದೆ. ಮೊದಲು ಬಂದದ್ದು 1987ರಲ್ಲಿ, ಗಿಲ್ಮನ್‌ನ ಹಲವು ಬ್ಯಾಂಡುಗಳನ್ನು ಸೇರಿಸಿದ ಸಂಕಲನದಲ್ಲಿ ಎರಡು ಹಾಡು. 1988ರಲ್ಲಿ ಲುಕೌಟ್ ರೆಕಾರ್ಡ್ಸ್‌ನಿಂದ ಆರು ಹಾಡಿನ "ಹೆಕ್ಟಿಕ್". ಅದೇ ವರ್ಷ ನಾಲ್ವರೂ ಒಂದು ಹಳೇ ಕ್ರೈಸ್ಲರ್ ಕಾರಿಗೆ ತುಂಬಿಕೊಂಡು ಅಮೆರಿಕ ಸುತ್ತಿಬಂದರು. 1989ರಲ್ಲಿ ಹತ್ತೊಂಬತ್ತು ಹಾಡಿನ "ಎನರ್ಜಿ". ಅವರು ಹೊರತಂದ ಪೂರ್ಣ ಆಲ್ಬಮ್ ಅದೊಂದೇ. ಅದನ್ನು ಮೊದಲು ಗಿಲ್ಮನ್ ಕ್ಲಬ್ಬಿನಲ್ಲೇ ರೆಕಾರ್ಡ್ ಮಾಡಲು ನೋಡಿದರು. ಸದ್ದು ಒಪ್ಪಿಗೆಯಾಗಲಿಲ್ಲ. ಆಮೇಲೆ ರೆಕಾರ್ಡಿಂಗ್ ನಿರ್ಮಾಪಕ ಕೆವಿನ್ ಆರ್ಮಿ ಜೊತೆ ಸ್ಟುಡಿಯೋಗೆ ಹೋಗಿ ಮತ್ತೆ ಮಾಡಿದರು. 1991ರಲ್ಲಿ ಲುಕೌಟ್ ಇವೆಲ್ಲ ಸೇರಿಸಿ 27 ಹಾಡಿನ ಸಿಡಿ ತಂದಿತು. ಜಾಸ್ತಿ ಜನ ಬ್ಯಾಂಡನ್ನು ಕೇಳಿದ್ದು ಅದರಿಂದಲೇ, ಅಷ್ಟರಲ್ಲಿ ಬ್ಯಾಂಡೇ ಇರಲಿಲ್ಲ. ಸಿಡಿಯಲ್ಲಿ "ಎನರ್ಜಿ" ಮೊದಲು ಬರುತ್ತದೆ, ಹಳೆಯವು ಕೊನೆಗೆ. ನಾನು ಹಿಂದಿನಿಂದ ಮುಂದಕ್ಕೆ ಕೇಳಿದೆ. ಹಾಗೆ ಕೇಳಿದರೆ ಬೇಸ್ ಹೇಗೆ ಬೆಳೆಯಿತು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮ ಬ್ಯಾಂಡಿನದು ಗ್ಯಾರೇಜಿನಲ್ಲಿ ಮಾಡಿದ ಡೆಮೋ. ಕಿವಿಗೆ ಒಂದೇ ವೇಗದ ಟಿಕ್ ಟಿಕ್ ಕೇಳಿಸುವ ಕ್ಲಿಕ್ ಟ್ರ್ಯಾಕ್ ಹಾಕಿ ಒಬ್ಬೊಬ್ಬರದನ್ನೂ ಬೇರೆ ಬೇರೆ ರೆಕಾರ್ಡ್ ಮಾಡಬಹುದಿತ್ತು, ನಾನು ಬೇಡ ಅಂದೆ. ಸ್ಕಾದಿಂದ ಪಲ್ಲವಿಗೆ ದಾಟುವಾಗ ವೇಗ ಕೂದಲೆಳೆಯಷ್ಟು ಏರಬೇಕು, ಕ್ಲಿಕ್ ಅದಕ್ಕೆ ಬಿಡುವುದಿಲ್ಲ. ಡ್ರಮ್ಸ್‌ಗೆ ನಾಲ್ಕು ಮೈಕ್, ಬೇಸ್ ನೇರ ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸಿಗೆ, ಗಿಟಾರ್ ಆಂಪ್ ಪಕ್ಕದ ಬಟ್ಟೆ ಒಗೆಯುವ ಕೋಣೆಯಲ್ಲಿ. ಮೂವರೂ ಒಟ್ಟಿಗೆ ನುಡಿಸಿದೆವು. ಹಾಡಿನ ದನಿ ಮತ್ತು ಕೂಗು ಮಾತ್ರ ಆಮೇಲೆ. ಮಿಕ್ಸ್ ಮಾಡುವಾಗ ಗಿಟಾರ್ ಇಳಿಸಿ, ಬೇಸಿನ ನಡುವಿನ ಸ್ಥಾಯಿಯನ್ನು ಸ್ವಲ್ಪ ಎತ್ತಿದೆ. ಫೋನಿನ ಸ್ಪೀಕರಿನಲ್ಲೂ ಬೇಸ್ ಕೇಳಿಸಬೇಕಾದರೆ ಇದು ಸುಲಭದ ದಾರಿ. ಇಲ್ಲಿನ ಕನ್ನಡ ಕೂಟದ ಗೆಳೆಯರಿಗೆ ಕೇಳಿಸಿದೆ. "ಚೆನ್ನಾಗಿದೆ, ಆದ್ರೆ ಇಷ್ಟು ಬೇಗ ಮುಗೀತಾ?" ಅಂದರು.

1989ರ ಮೇ 28ಕ್ಕೆ ಗಿಲ್ಮನ್‌ನಲ್ಲಿ ಆಪರೇಷನ್ ಐವಿಯ ಕೊನೆಯ ದೊಡ್ಡ ಕಾರ್ಯಕ್ರಮ ನಡೆಯಿತು. ಅದೇ ವೇದಿಕೆಯಲ್ಲಿ ಆಗಷ್ಟೇ ಹೆಸರು ಬದಲಿಸಿಕೊಂಡಿದ್ದ ಗ್ರೀನ್ ಡೇ ಬ್ಯಾಂಡ್ ಕೂಡ ನುಡಿಸಿತ್ತು. ಆಮೇಲೆ ಆರ್ಮ್‌ಸ್ಟ್ರಾಂಗ್, ಫ್ರೀಮನ್ ಸೇರಿ 1991ರಲ್ಲಿ ರ್‍ಯಾನ್ಸಿಡ್ ಎಂಬ ಬ್ಯಾಂಡ್ ಕಟ್ಟಿದರು. 2007ರಲ್ಲಿ ಹಳೇ ರೆಕಾರ್ಡು ಮತ್ತೆ ಬಂದದ್ದು ಆರ್ಮ್‌ಸ್ಟ್ರಾಂಗ್ ಅವರದೇ ಹೆಲ್‌ಕ್ಯಾಟ್ ಲೇಬಲ್ಲಿನಿಂದ. ರ್‍ಯಾನ್ಸಿಡ್‌ನಲ್ಲೂ ಬೇಸ್ ಅದ್ಭುತ, ಆದರೆ ನನ್ನ ಕಿವಿ "ಎನರ್ಜಿ"ಗೇ ವಾಪಸ್ ಹೋಗುತ್ತದೆ.

ಇಷ್ಟೆಲ್ಲ ಹೇಳಿ, ಈಗ ನಮ್ಮ ಬ್ಯಾಂಡಿಗೆ ಆಲ್ಟೋ ಸ್ಯಾಕ್ಸೋಫೋನ್ ಬರುತ್ತಿದೆ! ಡ್ರಮ್ಸ್‌ನವನ ತಂಗಿ ಕಾಲೇಜು ಬ್ಯಾಂಡಿನಲ್ಲಿ ನುಡಿಸುತ್ತಾಳೆ, ಸೇರಿಕೊಳ್ಳುತ್ತೇನೆ ಅಂದಳು. ತೊಂದರೆ ಒಂದೇ. ನಮ್ಮ ಹಾಡುಗಳೆಲ್ಲ ಗಿಟಾರಿಗೆ ಸಲೀಸಾದ ಇ ಮೇಜರಿನಲ್ಲಿವೆ. ಆಲ್ಟೋದಲ್ಲಿ ಬರೆದುಕೊಂಡು ನುಡಿಸುವ ಸ್ವರ ಒಂದು, ಕೇಳಿಸುವ ಸ್ವರ ಇನ್ನೊಂದು, ಹಾಗಾಗಿ ಅವಳಿಗೆ ಅದು ಏಳು ಶಾರ್ಪಿನ, ಅಂದರೆ ಏಳೂ ಸ್ವರ ಅರ್ಧ ಏರಿಸಿದ, ಸಿ ಶಾರ್ಪ್ ಮೇಜರ್ ಆಗುತ್ತದೆ. "ಅಣ್ಣಾ, ಇದನ್ನ ಯಾರು ನುಡಿಸ್ತಾರೆ?" ಅಂತ ಕೇಳಿದಳು. ಅದಕ್ಕೆ ಗಿಟಾರು, ಬೇಸು ಎರಡರ ಶ್ರುತಿಯನ್ನೂ ಅರ್ಧ ಸ್ವರ ಇಳಿಸುತ್ತಿದ್ದೇವೆ. ನಮ್ಮ ಬೆರಳು ಇದ್ದಲ್ಲೇ ಇರುತ್ತವೆ, ಅವಳಿಗೆ ಹಾಡು ಶಾರ್ಪೇ ಇಲ್ಲದ ಸಿ ಮೇಜರಿಗೆ ಬರುತ್ತದೆ. ತಂತಿ ಸಡಿಲವಾಗುವುದರಿಂದ ಒಂದು ಗಾತ್ರ ದಪ್ಪದ ತಂತಿ ತರಿಸಿದ್ದೇನೆ. ಬೇಸಿನವನು ಮಾತ್ರ ಇನ್ನೂ ಮುನಿಸಿಕೊಂಡಿದ್ದಾನೆ, ಅವನ ಖಾಲಿ ಜಾಗಗಳಿಗೆ ಈಗ ಪಾಲುದಾರರು ಬಂದರಲ್ಲ.